ತುಂಬುತೋಳಿನ ಜಾಕೀಟು

11-3-74, ಸೋಮವಾರ
ಸ್ಕೂಲು ಮುಗಿಸಿ ಹಾಸ್ಟೆಲ್ಲಿಗೆ. ಮಹಿಳಾ ಸಮಾಜದ ಹೊಲಿಗೆ. ಕಾಡಿನ ಹಾಡಿಗಳಿಂದ ಬಂದ ಹುಡುಗಿಯರಿಗೆ ಇಪ್ಪತ್ತೆರಡು ಜಾಕೀಟು. ವಾರ್ಡನ್ ಶಿವರುದ್ರಮ್ಮನ ಆಜ್ಞೆ — ತೋಳು ಮಣಿಕಟ್ಟಿನವರೆಗೂ ಬರಬೇಕು. ಈ ಸೆಕೆಯಲ್ಲಿ ಯಾಕೆ ಅಂದೆ. ಸೊಳ್ಳೆಯಂತೆ. ಸಮಾಜದ ಅಧ್ಯಕ್ಷೆ ರುಕ್ಮಿಣಮ್ಮ ನಕ್ಕರು. “ಎಂ.ಎ. ಓದಿದೋರಿಗೆ ತೋಳಿನ ಮೇಲೂ ಅನುಮಾನ ಕಣ್ರೀ.” ಎಲ್ಲರೂ ನಕ್ಕರು. ನಾನೂ. ಅಳತೆಗೆ ಸರಿಯಾಗಿ ಕತ್ತರಿಸಿಕೊಟ್ಟೆ.

13-3, ಬುಧವಾರ
ಹಾಕಿ ನೋಡುವ ದಿನ. ಬೇಗೂರಿನ ಕಡೆಯ ಹಾಡಿಯ ಚಿಕ್ಕಮಾದಿ, ಒಂಬತ್ತು ವರ್ಷ. ತೋಳೊಳಗೆ ಕೈ ತೂರಿಸುವಾಗ ಮುಲುಗಿದಳು. ಮೊಣಕೈ ಕೆಳಗೆ ಮೂರು ಸುಟ್ಟ ಗಾಯ. ಒಂದು ಇನ್ನೂ ಹಸಿ. ಬಗ್ಗಿ ಕೇಳಿದೆ.

“ಬೆಲ್ಲ ತಿಂದಿದ್ದೆ. ಅಮ್ಮೋರು ಸೌಟು ಕಾಯಿಸಿ ಮಡಗಿದ್ರು.”

ಅಮ್ಮೋರು ಅಂದರೆ ಶಿವರುದ್ರಮ್ಮ. ಬಾಗಿಲಲ್ಲೇ ನಿಂತಿದ್ದಳು. ನನ್ನ ಪಕ್ಕದಲ್ಲಿ ರುಕ್ಮಿಣಮ್ಮ. ಅವರಿಗೂ ಕಂಡಿತು, ಕೇಳಿತು. ದಾರದುಂಡೆ ಕೊಡಿ ಅಂದರು. ಕೊಟ್ಟೆ.

ಉಳಿದ ಹುಡುಗಿಯರ ತೋಳು ಎತ್ತಿ ನೋಡಬಹುದಿತ್ತು. ಗುಂಡಿ ಹಾಕಿ ಕಳಿಸಿದೆ.

14-3, ರಾತ್ರಿ
ದಾರಿಯಲ್ಲಿ ರುಕ್ಮಿಣಮ್ಮನನ್ನು ಹಿಡಿದೆ. ಸಿಟ್ಟಾದರು. ನೂರು ಮಕ್ಕಳು ಉಣ್ಣುವ ಜಾಗವಂತೆ. ಒಂದು ಬರೆಗೆ ಬಾಗಿಲು ಹಾಕಿಸಬೇಕೇ? “ನಾಳೆ ಮುಚ್ಚಿಹೋದ್ರೆ ನಿಮ್ಮನೇಲಿ ಇಟ್ಕೊಂಡು ಸಾಕ್ತೀರೇನ್ರೀ?” ನನ್ನ ಹತ್ತಿರ ಉತ್ತರ ಇಲ್ಲವೆಂದು ಒಳಗೊಳಗೇ ಹಗುರವೂ ಆಯಿತು — ಥೂ.

ಪದ್ಯದ ಪುಸ್ತಕ ತೆರೆದೆ. ಪುಟಪುಟಕ್ಕೂ ಕರುಣೆ. ಮುಚ್ಚಿಟ್ಟೆ.

22-3, ಶುಕ್ರವಾರ
ಚಿಕ್ಕಮಾದಿ ಓಡಿಹೋಗಿದ್ದಾಳೆ. ಕಾಡುದಾರಿಯಲ್ಲಿ ನಡೆದೇ ಹಾಡಿ ಸೇರಿದಳಂತೆ. ಅವಳ ತಾಯಿ ಕುಳ್ಳಮ್ಮ ಮನೆಗೆ ಬಂದು ಹೇಳಿದಳು. ಒಳಗೆ ಕರೆದರೂ ಬರಲಿಲ್ಲ, ಮೆಟ್ಟಿಲ ಮೇಲೇ ಕೂತಳು. ಸೇರಿಸುವಾಗ ಹೆಬ್ಬೆಟ್ಟು ಒತ್ತಿದ್ದೀಯ, ಮಗುವನ್ನು ವಾಪಸ್ ಬಿಡು ಅಂತ ಹಾಸ್ಟೆಲ್ಲಿನವರು ಗದರಿಸಿದ್ದಾರೆ. ಗುರುವಾರ ಮೈಸೂರಿನಿಂದ ಇಲಾಖೆಯ ಸಾಹೇಬರು ಬಂದು ವಿಚಾರಣೆ ಮಾಡುತ್ತಾರೆ.

“ನಮ್ಮ ಮಾತ ಯಾರು ನಂಬ್ತಾರೆ. ನೀವು ಕಂಡಿದೀರಂತಲ್ಲ ಟೀಚರಮ್ಮ. ಕಂಡದ್ದ ಕಂಡಂಗೆ ಯೋಳಿ, ಸಾಕು. ಮಗೀನ ನಂತಾವೇ ಬುಡ್ತಾರೆ.”

ಹೇಳುತ್ತೇನೆ ಅಂದೆ. ಎರಡು ಸಲ ಅಂದೆ.

28-3, ಗುರುವಾರ
ಹಾಸ್ಟೆಲ್ ಜಗಲಿ. ಸಾಹೇಬರ ಪಕ್ಕದ ಕುರ್ಚಿಯಲ್ಲಿ ನೀಲಕಂಠಸ್ವಾಮಿ — ಹಾಸ್ಟೆಲ್ ಕಟ್ಟಿದವರು. ನಮ್ಮವರು ತೀರಿಕೊಂಡಾಗ ನನಗೆ ಈ ಕೆಲಸ ಕೊಡಿಸಿದವರೂ ಅವರೇ. ನನ್ನನ್ನು ನೋಡಿ ಕೈ ಮುಗಿದರು. ಅಷ್ಟೇ ಮಾಡಿದ್ದು.

ರುಕ್ಮಿಣಮ್ಮ ಏನೂ ನೋಡಿಲ್ಲವಂತೆ. ಆಮೇಲೆ ನನ್ನ ಸರದಿ.

“ಗಾಯ ನೋಡಿದ್ದೇನೆ. ಮಾಡಿದ್ದು ಯಾರು ಅಂತ ನಾನು ಕಣ್ಣಾರೆ ನೋಡಿಲ್ಲ.”

ಸುಳ್ಳಿಲ್ಲ. ಅಕ್ಷರ ಅಕ್ಷರವೂ ನಿಜ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ವಾಕ್ಯ. ಮಗು ಹೇಳಿದ್ದನ್ನು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಎರಡನೆಯ ಮಾತನ್ನಷ್ಟೇ ಬರೆದುಕೊಂಡರು. ಅದು ಕಂಡೂ ಸಹಿ ಹಾಕಿದೆ. ಶಿವರುದ್ರಮ್ಮ ಮೊದಲ ಕಾಫಿ ನನಗೇ ತಂದಳು. ಕುಡಿದೆ.

ಕುಳ್ಳಮ್ಮ ಅಂಗಳದಲ್ಲೇ ಇದ್ದಳು. ಎಲ್ಲ ಕೇಳಿಸಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು.

9-4
ಹನ್ನೆರಡು ದಿನ ಬರೆದಿಲ್ಲ. ಮಗುವನ್ನು ವಾಪಸ್ ತಂದು ಬಿಟ್ಟಿದ್ದಾರೆ. ಊರು ನನ್ನನ್ನು ಮೆಚ್ಚಿಕೊಂಡಿದೆ — ತೂಕದ ಹೆಂಗಸಂತೆ, ಅಳೆದು ಮಾತಾಡುತ್ತಾಳಂತೆ. ಈ ಊರಿನ ಮುಖಕ್ಕೆ ಉಗಿಯಬೇಕು. ಮೊದಲು ಕನ್ನಡಿಗೆ.

12-4, ಸಂಜೆ
ಚಿಕ್ಕಮಾದಿ ಸಿಕ್ಕಳು. ಕೊಳಾಯಿ ಹತ್ತಿರ, ಬಿಂದಿಗೆ ಹಿಡಿದು, ಒಬ್ಬಳೇ. ಎಡಗೈಗೆ ಬಟ್ಟೆ ಸುತ್ತಿದೆ. ಹತ್ತಿರ ಹೋದೆ. ತಲೆ ಎತ್ತಿ ನೋಡಿದಳು. ಗುರುತು ಹಿಡಿದಳು.

“ಬಿದ್ಬುಟ್ಟೆ ಟೀಚರಮ್ಮ.”

ನಾನಿನ್ನೂ ಏನೂ ಕೇಳಿರಲಿಲ್ಲ. ಬಾಯಿ ಕೂಡ ತೆರೆದಿರಲಿಲ್ಲ. ಅವಳೇ ಮುಂದಾಗಿ, ನನಗೆ ತೊಂದರೆಯಾಗದ ಹಾಗೆ—