ಚೈನು ಕಿತ್ತುಹೋದ ಟ್ಯಾಂಕು

ಟಿ. ನರಸೀಪುರ, ಆಗಸ್ಟ್ 2003

ಅಪ್ಪಾ,

ನೀವು ತೀರಿಕೊಂಡು ಎರಡು ವರ್ಷವಾಯಿತು. ಇವತ್ತು ನಿಮ್ಮ ಎಪ್ಪತ್ತೊಂದರ ಯುದ್ಧದ ಫೋಟೋವನ್ನು ನಂಜನಗೂಡಿಗೆ ಒಯ್ದು, ನಿವೃತ್ತ ಸುಬೇದಾರ್ ಮಾದಪ್ಪನವರಿಗೆ ತೋರಿಸಿದೆ. ಫ್ರೇಮ್ ಹಾಕಿಸುವ ಮುನ್ನ ನಿಮ್ಮ ಹಿಂದಿರುವ ಗಾಡಿ ಯಾವುದೆಂದು ತಿಳಿಯಬೇಕಿತ್ತು.

ಟ್ಯಾಂಕು ರಿಪೇರಿ ಮಾಡುತ್ತಿದ್ದೆ ಎಂದು ನೀವು ಹೇಳುತ್ತಿದ್ದಿರಿ. ಒಂಬತ್ತನೇ ಕ್ಲಾಸಿನಲ್ಲಿ ಗೆಳತಿಯರೆದುರು ನಾನು ಈ ಫೋಟೋ ಹಿಡಿದು, "ಟ್ಯಾಂಕಿಗೆ ಚೈನಿರುತ್ತೆ, ಇದಕ್ಕೆ ಬರೀ ಚಕ್ರ. ನಮ್ಮಪ್ಪ ಸುಳ್ಳು ಹೇಳ್ತಾರೆ" ಎಂದು ನಕ್ಕಿದ್ದೆ. ನೀವು ಫೋಟೋ ಇಸಿದುಕೊಂಡು ಒಳಗೆ ಹೋದಿರಿ. ಮತ್ತೆಂದೂ ಯುದ್ಧದ ಮಾತೆತ್ತಲಿಲ್ಲ.

ಮಾದಪ್ಪನವರು ಭೂತಗನ್ನಡಿ ಹಿಡಿದು ನೋಡಿದರು. "ಟ್ಯಾಂಕೇ ಕಣವ್ವ. ಚೈನ್ ಕಿತ್ತೋಗದೆ. ನಿಮ್ಮಪ್ಪನ ಕಾಲತ್ರ ಕೆಸರಲ್ಲಿ ಬಿದ್ದದಲ್ಲ, ಅದೇಯ. ಗುಂಡು ಆರ್ತಿದ್ರೂ ಅಲ್ಲೇ ಕುಂತು ರಿಪೇರಿ ಮಾಡ್ಬೇಕಿತ್ತು ಅವ್ರು" ಎಂದರು. ಇಷ್ಟು ವರ್ಷ ನಾನು ಅದನ್ನು ಯಾವುದೋ ಮುರಿದ ಏಣಿ ಅಂದುಕೊಂಡಿದ್ದೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಮೊರದಿಂದ ತಲೆಯೆತ್ತಲಿಲ್ಲ.

"ನಂಗೊತ್ತಿತ್ತು ಕಣೆ. ಅವತ್ತೇ ನಿಮ್ಮಪ್ಪಂಗೆ 'ಅವಳಿಗೆ ಬುಡಿಸಿ ಯೋಳಿ' ಅಂದೆ. 'ಬ್ಯಾಡ ಬುಡು, ಗೆಳತೀರ ಮುಂದೆ ಮಗೀಗೆ ನಾಚ್ಕೆ ಆಯ್ತದೆ' ಅಂದ್ರು."