ಚಾಕೊಲೇಟ್ ಹಾಲಿನ ಮೇಜು

ಮಾತಿನ ಮಲ್ಲರೇ,

ಇದನ್ನು ನಿಮಗೆ ಕಳಿಸುವುದಿಲ್ಲ. ಅದಕ್ಕೇ ಮನಸ್ಸು ಬಿಚ್ಚಿ ಬರೆಯುತ್ತಿದ್ದೇನೆ. ರಜೆಗೆ ಬರುತ್ತೇನೆಂದು ಫೋನಿನಲ್ಲಿ ಮಗಳಿಗೆ ಅಂಗೈಯಲ್ಲಿ ಅರಮನೆ ತೋರಿಸಿದಿರಿ. ಪಾಪ, ಅವಳು ನಂಬಿದಳು. ನಮ್ಮನ್ನು ಬಿಟ್ಟು ಹೋಗುವಾಗ ನೀವು ಒಯ್ಯದ ಇಸ್ತ್ರಿ ಮೇಜಿನ ಮೇಲೆ ಇಂದು ಬಿಸಿ ಚಾಕೊಲೇಟಿನ ಅಂಗಡಿಯನ್ನೇ ಹೂಡಿದ್ದಳು: ಕೋಕೋ ಪುಡಿ, ಕೆನೆ, ದಾಲ್ಚಿನ್ನಿ, ಬಿಸ್ಕತ್ತಿನ ಚೂರು. ಸಂಜೆಯವರೆಗೂ ಹಾಲು ಕಾಯಿಸಿದ್ದೇ ಕಾಯಿಸಿದ್ದು. ಕೊನೆಗೆ ನಿಮ್ಮಿಂದ ಬಂದದ್ದು, "ಕೆಲಸ ಬಂತು, ಸಾರಿ." ನುಣುಚಿಕೊಳ್ಳುವುದು ಬಿಟ್ಟರೆ ನಿಮಗಿನ್ನೇನು ಕೆಲಸ?

"ಹೋಗ್ಲಿ ಬಿಡಮ್ಮ, ಕೆನೆ ಎಲ್ಲಾ ನಂಗೇ" ಎಂದು ಲೋಟ ತುಂಬಿಸಿಕೊಂಡಳು. ನಿಮಗಿಂತ ದೊಡ್ಡವಳು ಅವಳು.

ಅಷ್ಟರಲ್ಲಿ ಕರೆಗಂಟೆಯ ಸದ್ದಾಯಿತು. ಅವಳು ಕುಡಿಯುತ್ತಲೇ ಕುಳಿತಿದ್ದಳು. ಕೂದಲು ಸರಿಮಾಡಿಕೊಂಡು ಓಡಿದವಳು ನಾನು.

ಪಕ್ಕದ ಮನೆಯವರು ಪಾತ್ರೆ ವಾಪಸು ಕೊಡಲು ಬಂದಿದ್ದರು.