ಇಪ್ಪತ್ತನಾಲ್ಕು ಅಡಿ ಕೆಳಗಿನ ಮೀನುಮನೆ

ಕೆಟಲ್ ಬೇ, ಮಿನೆಸೋಟ
11 ಫೆಬ್ರವರಿ 2025, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮಾರಿಟ್ ಅಕ್ಕಾ,

ನಿನ್ನ ಮಂಡಿ ಹೇಗಿದೆ? ಕ್ರಿಸ್ಮಸ್ ಕಾರ್ಡಿನಲ್ಲಿ ನೀನು ಬರೆದದ್ದು ಎರಡೇ ಸಾಲು: ಮಂಡಿ ಬದಲಾಯಿಸಿದರು, ಜನವರಿಯಿಂದ ಮತ್ತೆ ಶಾಲೆಯ ಬಸ್ಸು ಓಡಿಸುತ್ತೇನೆ. ನೆಬ್ರಾಸ್ಕಾದ ಚಳಿ ನಮ್ಮದರಷ್ಟು ಕೆಟ್ಟದ್ದಲ್ಲ ಅನ್ನುತ್ತಾರೆ, ಆದರೂ ಬಸ್ಸಿನ ಮೆಟ್ಟಿಲು ಇಳಿಯುವಾಗ ಹುಷಾರು. ಹತ್ತೊಂಬತ್ತು ವರ್ಷದಿಂದ ವರ್ಷಕ್ಕೆರಡು ಸಾಲು ಬರೆಯುವ ಅಕ್ಕನಿಗೆ ತಮ್ಮ ಹಾಳೆಗಟ್ಟಲೆ ಬರೆಯಲು ಕೂತಿದ್ದಾನೆ ಅಂದರೆ ಯಾರೋ ಸತ್ತಿರಬೇಕು ಅಂದುಕೊಳ್ಳುತ್ತೀಯ. ಅಪ್ಪ ಸತ್ತಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಂಬತ್ತೆರಡಾಯಿತು, ತನಗೆ ಬೇಡದ ಮಾತು ಬಂದಾಗ ಮಾತ್ರ ಕಿವಿ ಮಂದ. ನಾನೂ ಇದ್ದೇನೆ. ನಲವತ್ತೈದಕ್ಕೇ ಸೊಂಟ ಹಿಡಿದಿದೆ, ನಾಲಿಗೆ ಮಾತ್ರ ಸಡಿಲವಾಗಿದೆ.

ಈ ಸಲ ಸರೋವರ ಚೆನ್ನಾಗಿ ಹೆಪ್ಪುಗಟ್ಟಿದೆ, ಹೆಪ್ಪಿನ ದಪ್ಪ ಇಪ್ಪತ್ತೆರಡು ಇಂಚು. ಮೀನು ಮಾತ್ರ ಇಲ್ಲ, ಅಥವಾ ನನಗೆ ಇಲ್ಲ. ಎರೆ ಮಾರುವ ಅಂಗಡಿಯವನಿಗೇ ಮೀನು ಕಚ್ಚುವುದಿಲ್ಲ ಅಂದರೆ ಊರಿಗೆ ಅದಕ್ಕಿಂತ ಮನರಂಜನೆ ಬೇಕೆ? ವರ್ಲಿನ್ ಸ್ಟ್ರೂಟ್ ಗೊತ್ತಲ್ಲ, ನಮ್ಮ ಕೌಂಟರಿನ ಪಕ್ಕದ ಸ್ಟೂಲಿನಲ್ಲಿ ಬೇರು ಬಿಟ್ಟವನು, ದಿನಾ ಕಾಫಿ ಹೀರುತ್ತಾ ಕೇಳುತ್ತಾನೆ, “ಏನಪ್ಪಾ ಆರ್ಲೆನ್, ಇವತ್ತೆಷ್ಟು ಮೀನಿಗೆ ಊಟ ಹಾಕ್ದೆ?” ನೀನು ನನ್ನ ಮೇಲೆ ಕಟ್ಟಿದ ಪದ್ಯವನ್ನೂ ಆ ಪುಣ್ಯಾತ್ಮ ಮರೆತಿಲ್ಲ. “ತಮ್ಮ ಕೂತ, ಗಾಳ ಬಿಟ್ಟ, ಗೊರಕೆ ಹೊಡೆದ, ಮೀನು ನೋಡಿ ನಕ್ಕಿತು, ಅಕ್ಕ ಬಂದ್ಳು, ದಾರ ಎಳೆದ್ಳು, ಮೊಳದುದ್ದ ಸಿಕ್ಕಿತು.” ಹೊಸ ಗಿರಾಕಿಗಳ ಎದುರಿಗೇ ಹಾಡುತ್ತಾನೆ. ಅವರು ಅಕ್ಕ ಯಾರು ಅಂತ ಕೇಳಿದರೆ ಅಪ್ಪ ಎದ್ದು ಹೋಗಿ ಎರೆಮೀನಿನ ತೊಟ್ಟಿಗೆ ನೀರು ಬಿಡುತ್ತಾನೆ. ಹೀಗೆ ಎಷ್ಟೋ ಸಲ ನಮ್ಮ ತೊಟ್ಟಿ ತುಂಬಿ ಹರಿದಿದೆ.

ಅದಕ್ಕೇ ಡಿಸೆಂಬರಿನಲ್ಲಿ ನೀರೊಳಗೆ ಬಿಡುವ ಕ್ಯಾಮೆರಾ ತಂದೆ. ಆರಿಸುವುದು ಸುಲಭವಲ್ಲ ಅಕ್ಕಾ. ಬ್ರೇನರ್ಡ್ ಊರಿನ ಅಂಗಡಿಯ ಹುಡುಗಿ ಎದೆಯಗಲದ, ಟಿವಿಯಂಥ ತೆರೆ ಇರುವುದನ್ನು ತೋರಿಸಿದಳು. ತೆರೆ ದೊಡ್ಡದಾದಷ್ಟೂ ಹೊರೆ ದೊಡ್ಡದು, ಬ್ಯಾಟರಿ ಚಳಿಗೆ ಬೇಗ ಸಾಯುತ್ತದೆ, ಮಧ್ಯಾಹ್ನದ ಬಿಸಿಲಿಗೆ ಅದರಲ್ಲಿ ನನ್ನ ಮುಖವೇ ಕಾಣುತ್ತದೆ. ನನ್ನ ಮುಖ ನೋಡಲು ಸರೋವರಕ್ಕೆ ಹೋಗಬೇಕೆ? ಬಿಳಿ ದೀಪದ್ದೂ ಬೇಡವೆಂದೆ. ಹಿಮ ಬೀಳುವಾಗ ಕಾರಿನ ದೀಪ ಹಾಕಿದಂತೆ ಎದುರಿಗೆ ಬರೀ ದೂಳು ಹೊಳೆಯುತ್ತದೆ, ಅದರಾಚೆ ಏನೂ ಕಾಣದು. ಕೊನೆಗೆ ಅಂಗೈ ಎರಡರಷ್ಟು ತೆರೆ, ಮನುಷ್ಯರ ಕಣ್ಣಿಗೆ ಕಾಣದ ಬೆಳಕಿನ ದೀಪ, ಅರವತ್ತು ಅಡಿ ಕೇಬಲ್ಲು, ಅಡ್ಡಕ್ಕೂ ನೋಡುವ ಕೆಳಕ್ಕೂ ನೋಡುವ ಒಂದನ್ನು ತಂದೆ. ಬಣ್ಣ ಬೇಡವಾದರೆ ಕಪ್ಪು-ಬಿಳುಪು ಮಾಡಬಹುದು. ಆಳದಲ್ಲಿ ಹೇಗೂ ಎಲ್ಲವೂ ಪಾಚಿ ಹಸಿರು. ಅಪ್ಪ ಡಬ್ಬಿಯನ್ನು ಕಾಲಿನಿಂದ ತಳ್ಳಿ ನೋಡಿದ. “ಮೀನು ಹಿಡಿಯಕ್ಕೆ ಕಣ್ಣು ಬೇಡ ಕಣೋ, ಕುಂಡೆ ಬೇಕು. ಕೂತ್ಕೊಳಕ್ಕೆ” ಅಂದ.

ಬಳಸುವುದನ್ನು ಕಲಿಯಲು ಮೂರು ವಾರ ಹಿಡಿಯಿತು. ಮೊದಲ ದಿನ ಹೆಪ್ಪು ಕೊರೆದು ಗಾಳ ಬಿಟ್ಟ ತೂತಿನಲ್ಲೇ ಕ್ಯಾಮೆರಾ ಬಿಟ್ಟೆ. ಕಚ್ಚಿದ ಒಂದೇ ವಾಲೈ ಮೀನು ಕೇಬಲ್ಲಿಗೆ ದಾರ ಸುತ್ತಿ ಬಿಡಿಸಿಕೊಂಡು ಹೋಯಿತು. ಆಮೇಲೆ ಎರಡು ಹೆಜ್ಜೆ ದೂರದಲ್ಲಿ ಬೈರಿಗೆಯಿಂದ ಇನ್ನೊಂದು ತೂತು ಕೊರೆದೆ. ಎರಡನೆಯ ದಿನ ತಳ ಮುಟ್ಟಿಸಿ ಕೆಸರೆಬ್ಬಿಸಿದೆ. ಕೊಂಡದ್ದು ಕ್ಯಾಮೆರಾ, ಕಂಡದ್ದು ಕೆಸರು. ತಳದಿಂದ ಮೊಣಕಾಲೆತ್ತರಕ್ಕೆ ನಿಲ್ಲಿಸಬೇಕು, ಬ್ಯಾಟರಿಯನ್ನು ಕೋಟಿನೊಳಗೆ ಎದೆಗೆ ಅವಚಿಕೊಳ್ಳಬೇಕು, ಕೇಬಲ್ಲನ್ನು ಬೆರಳಲ್ಲಿ ಕೂದಲೆಳೆಯಷ್ಟೇ ತಿರುಗಿಸಬೇಕು. ಆಗ ಮೀನು ಕಾಣುತ್ತದೆ. ಬರುತ್ತದೆ, ಮೂಸುತ್ತದೆ, ಮೂಗು ಮುರಿಯುತ್ತದೆ, ಹೋಗುತ್ತದೆ. ಇಷ್ಟು ವರ್ಷ ಮೀನಿಲ್ಲ ಅಂದುಕೊಂಡಿದ್ದೆ. ಇದ್ದವು, ನಾನು ಬೇಕಾಗಿರಲಿಲ್ಲ.

ಇಷ್ಟೆಲ್ಲ ಕಾಣುವುದು ಪಟ್ಟೆಚಿಪ್ಪುಗಳ ದಯೆ, ಉಗುರಿನಷ್ಟಗಲದ ಚಿಪ್ಪಿನ ಹುಳುಗಳು. ನೀನು ಹೋದ ಮೇಲೆ ಯಾರದೋ ದೋಣಿಗೆ ಅಂಟಿಕೊಂಡು ಬಂದವು. ಕಡುಚಹಾದ ಬಣ್ಣದ ನಮ್ಮ ಸರೋವರವನ್ನು ಕುಡಿದು ಕುಡಿದು, ಸೋಸಿ ಸೋಸಿ ಗಾಜು ಮಾಡಿಬಿಟ್ಟಿವೆ.

ಈಗ ಬರೆಯುವುದು ನಿನಗೆ ಗೊತ್ತಿರುವ ವಿಷಯ. ಅದನ್ನು ಬರೆಯದೆ ಮುಂದಕ್ಕೆ ಕೈ ಓಡುತ್ತಿಲ್ಲ. 2006ರ ಮಾರ್ಚಿನಲ್ಲಿ ಒಳಗೆ ಕೂತು ಗಾಳ ಬಿಡುವ ಹಲಗೆಯ ಮೀನುಮನೆಗಳನ್ನು ಹೆಪ್ಪಿನ ಮೇಲಿಂದ ಎಳೆದು ತರುವ ಕೊನೆಯ ದಿನ ಅಪ್ಪ ಟ್ರ್ಯಾಕ್ಟರ್ ಕಟ್ಟಿ ನಮ್ಮದನ್ನು ಎಳೆದ. ಸರಪಳಿ ತುಂಡಾಯಿತು, ಮನೆ ಜಗ್ಗಲಿಲ್ಲ. ಬುಡವೆಲ್ಲ ಕಲ್ಲಿನಂತೆ ಹೆಪ್ಪಿಗೆ ಕಚ್ಚಿಕೊಂಡಿತ್ತು. ಮರುದಿನ ಮಳೆ, ಅದರ ಮರುವಾರ ಗಾಳಿ; ಹೆಪ್ಪು ಒಡೆದು, ಅಜ್ಜ ಕಟ್ಟಿದ ಮನೆಯನ್ನು ಬೆನ್ನ ಮೇಲೆ ಹೊತ್ತು ತೇಲಿ ಹೋಗಿ, ಎಲ್ಲೋ ಮುಳುಗಿಸಿತು. ಅಧಿಕಾರಿಗಳು ಬಂದರು, ಮುಳುಗುಗಾರರು ಎರಡು ದಿನ ತಡಕಾಡಿದರು, ಕಪ್ಪು ನೀರಿನಲ್ಲಿ ಏನೂ ಸಿಗಲಿಲ್ಲ. ಅದರ ಹಿಂದಿನ ಡಿಸೆಂಬರಿನಲ್ಲಿ ಆ ಮನೆಯನ್ನು ಹೆಪ್ಪಿನ ಮೇಲೆ ನಿಲ್ಲಿಸಿದವಳು ನೀನು. ಅಡಿಗೆ ದಿಮ್ಮಿ ಕೊಟ್ಟು ಎತ್ತರಿಸದೆ ಹೆಪ್ಪಿನ ಮೇಲೇ ಬಿಟ್ಟಿದ್ದಾಳೆ, ಅದಕ್ಕೇ ಅಂಟಿತು ಅಂತ ಅಪ್ಪ ಅಂದ. ನೀನು ಅಡುಗೆಮನೆಯಲ್ಲಿ ನಿಂತು, “ನಾಲ್ಕು ಓಕ್ ದಿಮ್ಮಿ, ಅಪ್ಪಾ. ನನ್ ಕೈಯಾರೆ ಬೋಲ್ಟು ಬಿಗ್ದಿದೀನಿ, ಗಾಳಿಗೂ ಜಾರ್ಬಾರ್ದು ಅಂತ” ಅಂದೆ. ಅಪ್ಪ ಕೇಳಲಿಲ್ಲ. “ಒಂದ್ ದಿಮ್ಮಿ ಇಡಕ್ ಬರ್ದೋಳ ಕೈಗೆ ಅಂಗಡಿ ಕೊಡಲ್ಲ” ಅಂದ. ಆ ವಸಂತದಲ್ಲಿ ಅಂಗಡಿ ನಿನ್ನದಾಗಬೇಕಿತ್ತು. ನೀನು ನನ್ನ ಕಡೆ ತಿರುಗಿ, “ಸ್ಪ್ಯಾನರ್ ಹಿಡ್ಕೊಂಡಿದ್ದೋನು ನೀನೇ ಅಲ್ವೇನೋ, ಹೇಳೋ” ಅಂದೆ. ನೀನು ನನ್ನ ಕಡೆ ನೋಡಿದೆ. ನಾನು ಒಲೆ ಕಡೆ ನೋಡಿದೆ. ನೆನಪಿಲ್ಲ ಅಂದೆ. ಮೂರು ವಾರಕ್ಕೆ ನೀನು ಹೊರಟೆ, ನಾಲ್ಕನೆಯ ವಾರಕ್ಕೆ ಅಂಗಡಿಯ ಬೀಗದ ಕೈ ನನ್ನ ಜೇಬಿಗೆ ಬಂತು.

ಹೋದ ಗುರುವಾರ ಬೆಳಿಗ್ಗೆ ಅಪ್ಪನನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ಪೂರ್ವದ ಕೊಲ್ಲಿಗೆ ಹೋದೆ. ಅಲ್ಲಿ ಯಾರೂ ಮೀನು ಹಿಡಿಯುವುದಿಲ್ಲ. ಇದ್ದ ಜಾಗಗಳಲ್ಲೆಲ್ಲ ನಾನು ಮೀನುಗಳಿಂದ ಅವಮಾನ ಮಾಡಿಸಿಕೊಂಡು ಮುಗಿದಿತ್ತು. ಎರಡು ತೂತು ಕೊರೆದು, ಬಟ್ಟೆಯ ಗುಡಾರ ಎಬ್ಬಿಸಿ, ಕ್ಯಾಮೆರಾ ಇಳಿಸಿದೆ. ಇಪ್ಪತ್ತನಾಲ್ಕು ಅಡಿ. ತೆರೆಯ ತುಂಬ ಪರ್ಚ್ ಮೀನು, ಸಂತೆಯಂತೆ. ನಾನು ಕುಣಿಯುವುದೊಂದು ಬಾಕಿ. ಕೇಬಲ್ಲು ತಿರುಗಿಸಿದಾಗ ಮೀನುಗಳ ಹಿಂದೆ ನೇರವಾದ ಒಂದು ಗೆರೆ ಕಂಡಿತು. ನೀರಿನ ತಳದಲ್ಲಿ ನೇರ ಗೆರೆ ಎಲ್ಲಿಂದ ಬರಬೇಕು? ಇನ್ನಷ್ಟು ತಿರುಗಿಸಿದೆ. ಹಲಗೆ. ಹಲಗೆಯ ಮೇಲೆ, ಚಿಪ್ಪು ಮುಚ್ಚದೆ ಬಿಟ್ಟಷ್ಟು ಜಾಗದಲ್ಲಿ, ಮಾಲೀಕರ ಹೆಸರು ಬರೆಯಬೇಕೆಂಬ ಕಾನೂನಿಗೆ ಅಪ್ಪ ಬರೆದ ದೊಡ್ಡ ಅಕ್ಷರಗಳು: “ಜಿ. ನೆಸ್ಸೆಟ್ ಮತ್ತು ಮಗಳು.” ಆ ಹಲಗೆಯಲ್ಲಿ ಇನ್ನೊಂದು ಹೆಸರಿಗೂ ಜಾಗವಿತ್ತು ಅನ್ನುವುದನ್ನು ನಾನು ಅವತ್ತೂ ಗಮನಿಸಿದ್ದೆ, ಈಗಲೂ ಗಮನಿಸಿದೆ.

ಅಪ್ಪ ಕೈಗವಸು ಕಳಚಿ, ಕನ್ನಡಕ ಒರೆಸಿ, ತೆರೆಗೆ ಮೂಗು ತಾಗುವಷ್ಟು ಬಗ್ಗಿದ. “ತಿರ್ಗ್ಸು” ಅಂದ. ತಿರುಗಿಸಿದೆ. “ಕೆಳಗ್ ಬಿಡು.” ಬಿಟ್ಟೆ. ಮನೆ ಮಗ್ಗುಲಾಗಿ ಮಲಗಿದೆ ಅಕ್ಕಾ, ಅದರ ಹೊಟ್ಟೆ ನಮ್ಮ ಕಡೆಗಿದೆ. ಅಡಿಪಟ್ಟಿಗೆ ಅಂಟಿಕೊಂಡು ಒಂದು ದಿಮ್ಮಿ. ಅಪ್ಪ ಬೆರಳು ಮಡಿಸಿದ. ಎರಡು. ಮೂರನೆಯದಕ್ಕೆ ಕೇಬಲ್ಲನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ತಿರುಗಿಸಿದ, ನನಗೆ ಮೂರು ವಾರ ಹಿಡಿದದ್ದನ್ನು ಒಂದೇ ಸಲಕ್ಕೆ. ನಾಲ್ಕು. ಬೋಲ್ಟಿನ ತಲೆಗಳು ಕೂಡ ಕಾಣುತ್ತಿದ್ದವು. ಅಪ್ಪನ ಮೂಗಿನ ತುದಿಯಿಂದ ಒಂದು ಹನಿ ತೆರೆಯ ಮೇಲೆ ಬಿತ್ತು. ಚಳಿಗೆ ಎಲ್ಲರ ಮೂಗೂ ಸೋರುತ್ತದೆ, ಅದಕ್ಕೆ ಅರ್ಥ ಹಚ್ಚಬೇಡ. “ಇಲ್ಲಿ ಮೀನ್ ಕಚ್ಚಲ್ಲ. ಎತ್ತು” ಅಂದ. ತೆರೆಯ ತುಂಬ ಮೀನಿತ್ತು.

ಗುಡಾರ ಮಡಚಿ ಪಿಕಪ್ಪು ಹತ್ತಿದೆವು. ದಡದಲ್ಲಿ ಅಪ್ಪ ಕೇಳಿದ, “ದಿಮ್ಮಿ ಇತ್ತಲ್ಲ. ಮತ್ಯಾಕ್ ಅಂಟ್ಕೊಂತು?” ನಾನು ಗೇರು ಬದಲಾಯಿಸಿದೆ.

ಅಂದಿನಿಂದ ಇದೇ ಜಪ. ಶುಕ್ರವಾರ ಅಂಗಡಿಯಲ್ಲಿ ವರ್ಲಿನ್‌ಗೆ ತಾನಾಗಿ ಹೇಳಿದ, “ನನ್ ಮಗಳು ದಿಮ್ಮಿ ಇಟ್ಟಿದ್ಲು ಕಣೋ. ನಾಲ್ಕೂ.” ಹತ್ತೊಂಬತ್ತು ವರ್ಷದ ಮೇಲೆ ಆ ಕೌಂಟರಿನ ಮುಂದೆ ‘ನನ್ ಮಗಳು’ ಅನ್ನುವ ಮಾತು ಕೇಳಿ ವರ್ಲಿನ್ ಕಾಫಿ ಚೆಲ್ಲಿಕೊಂಡ. ಆದರೂ ಅವನ ಬಾಯಿ ಸುಮ್ಮನಿರುತ್ತದೆಯೆ? “ಹಂಗಾದ್ರೆ ಗೆರ್ಹಾರ್ಡ್, ಇಷ್ಟ್ ವರ್ಷ ಬೈದಿದ್ದನ್ನ ಈಗ ಯಾರಿಗ್ ವಾಪಸ್ ಕೊಡ್ತೀಯಾ?” ಅಂದ. ಅಪ್ಪ ತೊಟ್ಟಿಯ ಕಡೆ ಹೋಗಲಿಲ್ಲ. ನಿಂತೇ ಇದ್ದ. ಬಂದ ಬಂದವರನ್ನೆಲ್ಲ ನಿಲ್ಲಿಸಿ ಕೇಳುತ್ತಾನೆ: ನಾಲ್ಕು ದಿಮ್ಮಿಯ ಮೇಲೆ ನಿಂತ ಮನೆ ಯಾಕೆ ಅಂಟುತ್ತೆ? ಒಬ್ಬ ಹೆಪ್ಪು ಕುಸಿದಿರಬೇಕು ಅಂದ, ಒಬ್ಬ ತೂತಿನಿಂದ ನೀರು ಉಕ್ಕಿರಬೇಕು ಅಂದ. ಅಪ್ಪ ಯಾವುದನ್ನೂ ಒಪ್ಪುತ್ತಿಲ್ಲ. ತಪ್ಪು ಮಗಳದ್ದು ಅಂತ ಒಪ್ಪಲು ಅರ್ಧ ಗಂಟೆ ಹಿಡಿದಿರಲಿಲ್ಲ.

ನಿನ್ನೆ ಬೆಳಿಗ್ಗೆ ನನ್ನ ಮುಂದೆ ಈ ಹಾಳೆಗಳನ್ನು ತಂದಿಟ್ಟ. “ಅವಳಿಗೆ ಬರಿ. ದಿಮ್ಮಿ ಇದೆ ಅಂತ.” ಇನ್ನೇನು ಬರೆಯಲಿ ಅಂದೆ. “ಅಷ್ಟೇ ಬರಿ. ಸಾಕು.” ಕ್ಷಮೆ ಅನ್ನುವ ಪದಕ್ಕೆ ಕಾದೆ, ಬಾಗಿಲವರೆಗೆ ಹೋಗಿ ತಿರುಗಿದ. “ಬೋಲ್ಟೂ ಇದೆ ಅಂತ ಬರಿ” ಅಂದ. ಅವನಿಂದ ಹುಟ್ಟುವುದು ಇಷ್ಟೇ ಅಕ್ಕಾ. ನಲವತ್ತೊಂಬತ್ತರ ಹೆಂಗಸಿಗೆ ಮೂವತ್ತನೆಯ ವಯಸ್ಸನ್ನು ವಾಪಸ್ ಕೊಡಲು ನಾಲ್ಕು ಬೋಲ್ಟಿನಿಂದ ಆಗುವುದಿಲ್ಲ ಅಂತ ನನಗೂ ಗೊತ್ತು. ಆದರೂ ಹೇಳಿದ್ದನ್ನು ಬರೆದಿದ್ದೇನೆ: ದಿಮ್ಮಿ ಇದೆ. ಬೋಲ್ಟೂ ಇದೆ. ನೀನು ಹೇಳಿದ್ದು ನಿಜ.

ಮಂಡಿಗೆ ಬಿಸಿ ಶಾಖ ಕೊಡು, ಭಾರ ಎತ್ತಬೇಡ. ನಿನ್ನ ಬಸ್ಸಿನ ಮಕ್ಕಳಿಗೆ ನನ್ನ ನಮಸ್ಕಾರ; ಅವರಾದರೂ ನಿನ್ನ ಮಾತು ಕೇಳುತ್ತಾರೆ ಅಂದುಕೊಂಡಿದ್ದೇನೆ. ನಿನಗೆ ಎಲ್ಲಾ ಒಳ್ಳೆಯದಾಗಲಿ ಅಂತ ಬರೆಯುವ ಯೋಗ್ಯತೆ ಇಲ್ಲದಿದ್ದರೂ ಬರೆಯುತ್ತಿದ್ದೇನೆ.

ನಿನ್ನ ತಮ್ಮ,
ಆರ್ಲೆನ್

ಮತ್ತೆ: ಅಂಚೆಯವನ ಗಾಡಿ ಚರ್ಚಿನ ತಿರುವಿನಲ್ಲಿ ಕಾಣುತ್ತಿದೆ, ಬೇಗ ಬರೆಯುತ್ತೇನೆ. ಯಾಕೆ ಅಂಟಿತು ಅಂತ ನನಗೆ ಗೊತ್ತು. ಆ ಫೆಬ್ರವರಿಯಲ್ಲಿ ನೀನು ಚಿಕ್ಕಮ್ಮನ ಆರೈಕೆಗೆ ಡುಲೂತ್‌ಗೆ ಹೋದ ಮೂರು ವಾರ ಮೀನುಮನೆಯಲ್ಲಿ ಕೂತದ್ದು ನಾನು. ದಿಮ್ಮಿಗಳ ನಡುವಿನ ಸಂದಿನಿಂದ ಗಾಳಿ ನುಗ್ಗಿ ಕಾಲು ಮರಗಟ್ಟುತ್ತಿತ್ತು. ಮನೆಯ ಬುಡದ ಸುತ್ತ ಹಿಮ ತುಂಬಿ, ಅದರ ಮೇಲೆ ತೂತಿನ ನೀರನ್ನೇ ಬಕೆಟ್ಟಿನಲ್ಲಿ ಹೊಯ್ದೆ. ಇಪ್ಪತ್ತು ಬಕೆಟ್ಟು ಇರಬೇಕು. ಸಿಮೆಂಟಿನಂತೆ ಕೂತಿತು, ಕಾಲು ಬೆಚ್ಚಗಾಯಿತು. ಆಮೇಲೆ ಒಡೆದು ತೆಗೆಯುವುದನ್ನು ಮರೆತೆ. ಅಡುಗೆಮನೆಯಲ್ಲಿ ನೀನು ಹೇಳೋ ಅಂದಾಗ ಮರೆತಿರಲಿಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ. ಭಾನುವಾರ ಚರ್ಚಿನಿಂದ ಬಂದ ಮೇಲೆ ನಿನಗೆ ಫೋನ್ ಮಾಡುತ್ತಾನಂತೆ, ಮಾಡಿದರೆ ಕೇಳುವುದು ಅದೊಂದನ್ನೇ. ಅಷ್ಟರೊಳಗೆ ನಾನೇ ಹೇಳಿರುತ್ತೇನೆ ಅಂತ ಬರೆಯಲು ಹೊರಟೆ. ನನ್ನನ್ನು ನಾನು ಬಲ್ಲೆ, ಹೇಳಿರುವುದಿಲ್ಲ. ನೀನು ಹೇಳಿಬಿಡು. ನಾನು ಅದೇ ಕೋಣೆಯಲ್ಲಿರುತ್ತೇನೆ. ಎದ್ದು ಹೋಗುವುದಿಲ್ಲ, ಅಷ್ಟಕ್ಕೆ ಮಾತು ಕೊಡಬಲ್ಲೆ.